ಒತ್ತಕ್ಷರ ಬಾರದ ಕಾವಲುಗಾರ

ಮೊದಲು ತಪ್ಪೊಪ್ಪಿಗೆ. ಮಸ್ಕತ್‌ನ ಒಂದು ಕಂಪನಿಯ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದಾಗ ನಾನೊಂದು ಸ್ಕ್ರಿಪ್ಟ್ ಬರೆದೆ. ಹನ್ನೆರಡೇ ಸಾಲು. ಮೇಲ್‌ನ ಸಬ್ಜೆಕ್ಟ್‌ನಲ್ಲಿ ಇಂಗ್ಲಿಷ್, ಅರಬ್ಬಿ ಬಿಟ್ಟು ಬೇರೆ ಲಿಪಿ ಕಂಡರೆ ನಾಲ್ಕು ಅಂಕ ಸೇರಿಸು ಅಂತ. ನಾವು ಬಳಸುತ್ತಿದ್ದ ಸ್ಪ್ಯಾಮ್‌ಅಸಾಸಿನ್‌ನಲ್ಲಿ ಐದು ಅಂಕ ಮುಟ್ಟಿದರೆ ಮೇಲ್ ಸ್ಪ್ಯಾಮ್. ಅಂದರೆ ನಾಲ್ಕರ ಮೇಲೆ ಇನ್ನೊಂದು ಸಣ್ಣ ಅನುಮಾನ ಬಂದರೂ ಸಾಕು. ರಷ್ಯನ್, ಚೀನೀ ಕಸ ಒಂದೇ ವಾರದಲ್ಲಿ ನಿಂತುಹೋಯಿತು. ಮ್ಯಾನೇಜರ್ ಬೆನ್ನು ತಟ್ಟಿದರು.

ಅದೇ ಕಂಪನಿಯ ಗೋಡೌನಿನಲ್ಲಿ ಕುಂದಾಪುರದ ಕಡೆಯವರೊಬ್ಬರಿದ್ದರು. ಅವರ ತಮ್ಮ ಊರಿನ ಜಾಗದ ಪಾಲುಪಟ್ಟಿಯ ಕರಡನ್ನು ಸ್ಕ್ಯಾನ್ ಮಾಡಿಸಿ, ಕನ್ನಡದಲ್ಲೇ ಸಬ್ಜೆಕ್ಟ್ ಬರೆದು, ಅಣ್ಣನ ಆಫೀಸ್ ವಿಳಾಸಕ್ಕೆ ಕಳಿಸಿದ್ದ. ಅದು ಹತ್ತು ದಿನ ನನ್ನ ಕ್ವಾರಂಟೈನ್‌ನಲ್ಲಿ ಬಿದ್ದಿತ್ತು. ಅಣ್ಣ ಉತ್ತರ ಕೊಡಲಿಲ್ಲ, ಮನಸ್ಸಿನಲ್ಲಿ ಏನೋ ಇದೆ ಅಂತ ತಮ್ಮ. ಹೇಳದೆ ಕೇಳದೆ ಪಾಲು ಮಾಡಲು ಹೊರಟಿದ್ದಾನೆ ಅಂತ ಅಣ್ಣ. ಕೊನೆಗೆ ನಾನು ಹುಡುಕಿ ತೆಗೆದುಕೊಟ್ಟಾಗ ಅವರು ಕೇಳಿದರು: “ಎಂತ ಮಾರಾಯ್ರೆ, ನೀವೂ ಕನ್ನಡದವ್ರೇ ಅಲ್ದಾ? ಕನ್ನಡ ಕಂಡ್ರೆ ಕಸಕ್ಕೆ ಹಾಕು ಅಂತ ಇದಕ್ಕೆ ಹೇಳಿಕೊಟ್ಟದ್ದು ಯಾರು?”

ಹೇಳಿಕೊಟ್ಟವನು ನಾನೇ. ಅದಕ್ಕೇ ಈ ಬರಹ. ಸರ್ವರ್‌ಗೆ ಕನ್ನಡ ಬರೋದಿಲ್ಲ ಅಂತ ನಾವು ಗೊಣಗುತ್ತೇವೆ. ಆದರೆ ಗಲ್ಫ್‌ನ ಎಷ್ಟೋ ಸರ್ವರ್ ಕೋಣೆಗಳಲ್ಲಿ ಕೂತಿರುವವರು ನಮ್ಮವರೇ, ಬೀಗ ಹಾಕುತ್ತಿರುವವರೂ ನಮ್ಮವರೇ. ಒಮಾನ್‌ನಂಥ ಊರಿನಲ್ಲಿ ನನ್ನ ಸ್ಕ್ರಿಪ್ಟ್ ಮಾಡಿದ್ದೇನು ಅಂತ ಯೋಚಿಸಿ. ಉರ್ದು ಪತ್ರಕ್ಕೆ ಅರಬ್ಬಿ ಲಿಪಿಯ ಪುಣ್ಯ ಸಿಕ್ಕಿತು, ಒಳಗೆ ಬಂತು. ಕನ್ನಡ, ಮಲಯಾಳಂ, ಬಂಗಾಳಿ, ಹಿಂದಿ ಹೊರಗೆ ನಿಂತವು. ಅಂದರೆ ಅದೇ ಕಟ್ಟಡದಲ್ಲಿ ದುಡಿಯುವವರ ಮನೆಮಾತುಗಳೇ ಹೊರಗೆ. ಲಿಪಿ ನೋಡಿ ಅನುಮಾನಿಸುವುದನ್ನು ಭದ್ರತೆ ಅಂತ ಕರೆಯಬೇಡಿ. ಅದು ಸೋಮಾರಿತನ.

“ಹಾಗಾದರೆ ಕನ್ನಡ ಇದ್ದರೆ ಕಣ್ಣುಮುಚ್ಚಿ ಒಳಗೆ ಬಿಟ್ಟರಾಯಿತು” ಅಂತೀರಾ? ಅದೂ ಸೋಮಾರಿತನವೇ. ಪಾರ್ಸೆಲ್ ಬಂದಿದೆ, ಎರಡು ರಿಯಾಲ್ ಕಟ್ಟಿ ಅನ್ನುವ ಮೋಸಗಾರನಿಗೂ ಈಗ ಅನುವಾದದ ಯಂತ್ರ ಕೈಯಲ್ಲೇ ಇದೆ. ನಮಗೆ ಬೇಕಾದದ್ದು ಕನ್ನಡ ಓದಬಲ್ಲ ಕಾವಲುಗಾರ. ಸ್ಪ್ಯಾಮ್‌ಅಸಾಸಿನ್ 3.4ರಲ್ಲಿ ಭಾಷೆ ಗುರುತಿಸುವ ಟೆಕ್ಸ್ಟ್‌ಕ್ಯಾಟ್ ಅನ್ನುವ ಪ್ಲಗಿನ್ ಇದೆ. ಅದರ ಪಟ್ಟಿಯಲ್ಲಿ ಹಿಂದಿ, ಮರಾಠಿ, ತಮಿಳು, ಸಂಸ್ಕೃತ, ಕೊನೆಗೆ ಎಸ್ಪೆರಾಂಟೊ ಕೂಡ ಇದೆ. ಕನ್ನಡ ಇಲ್ಲ. ಗುರುತು ಸಿಗದ ಭಾಷೆಗೆ ಅದು ದಂಡ ಹಾಕುವುದಿಲ್ಲ, ನಿಜ. ಆದರೆ ನಾವು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಾಗ ಅದನ್ನು ಇನ್ಯಾವುದೋ ಭಾಷೆ ಅಂದುಕೊಂಡು ಅಂಕ ಹಾಕುವ ಅಪಾಯ ಇದ್ದೇ ಇದೆ.

ಇನ್ನು ನಮ್ಮ ಕೈಯಾರೆ ಬರೆಯುವ ಸ್ಕ್ರಿಪ್ಟುಗಳ ಕಥೆ. ಮನೆಯಲ್ಲಿ ಕನ್ನಡ ಕೇಳಿ ಬೆಳೆದು, ಶಾಲೆಯಲ್ಲಿ ಪೈಥಾನ್ ಕಲಿತ ಮಕ್ಕಳೇ, ಇದು ನಿಮಗೆ. ಪೈಥಾನ್ ಜೊತೆ ಬರುವ ರೆಗೆಕ್ಸ್‌ಗೆ “ಅಮ್ಮ” ಅಂತ ಕೊಟ್ಟು ಪದ ಹುಡುಕಲು ಹೇಳಿ. “ಅಮ”, “ಮ” ಅಂತ ಎರಡು ತುಂಡು ಬರುತ್ತೆ. “ಕನ್ನಡ” ಕೊಟ್ಟರೆ “ಕನ”, “ನಡ”. ಗುಣಿತದ ಚಿಹ್ನೆಗಳೂ ಒತ್ತಕ್ಷರ ಕೂಡಿಸುವ ಚಿಹ್ನೆಯೂ ಅದರ ಲೆಕ್ಕದಲ್ಲಿ ಅಕ್ಷರಗಳೇ ಅಲ್ಲ. ಒತ್ತಕ್ಷರ ಕಲಿಯುವಾಗ ನೀವು ತಡವರಿಸಿದ್ದೀರಲ್ಲ, ಯಂತ್ರವೂ ಅಲ್ಲೇ ತಡವರಿಸುತ್ತೆ. ಹೀಗೆ ಚೂರಾದ ಪದಗಳನ್ನಿಟ್ಟುಕೊಂಡು ಯಾವ ಪತ್ರ ಒಳ್ಳೆಯದು, ಯಾವುದು ಮೋಸ ಅಂತ ಹೇಗೆ ಹೇಳೋದು? ಮದ್ದು ಸುಲಭ: ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ 128 ಸ್ಥಾನಗಳೂ ಪದದ ಭಾಗವೇ ಅಂತ ಸ್ಕ್ರಿಪ್ಟ್‌ಗೆ ಒಂದು ಸಾಲಿನಲ್ಲಿ ತಿಳಿಸಿ.

ಇನ್ನೊಂದು ಗುಂಡಿ ಕಣ್ಣಿಗೇ ಕಾಣದ್ದು. ಸ್ಪ್ಯಾಮ್ ಕಳಿಸುವವರು ಫಿಲ್ಟರ್‌ನಿಂದ ತಪ್ಪಿಸಿಕೊಳ್ಳಲು ಪದದ ನಡುವೆ ಅಗಲವೇ ಇಲ್ಲದ ಅದೃಶ್ಯ ಅಕ್ಷರ ತುರುಕುತ್ತಾರೆ. ಹಾಗಾಗಿ ಅಂಥ ಅಕ್ಷರ ಕಂಡರೆ ಅಂಕ ಹಾಕುವ ನಿಯಮಗಳಿವೆ. ಆದರೆ ನಾವು “ಮಸ್ಕತ್‌ನಲ್ಲಿ” ಅಂತ ಸರಿಯಾಗಿ ಬರೆಯಬೇಕಾದರೆ ತ್ ಆದಮೇಲೆ ಅಂಥದ್ದೇ ಒಂದು ಅಕ್ಷರ ಬೇಕು, ಇಲ್ಲದಿದ್ದರೆ “ಮಸ್ಕತ್ನಲ್ಲಿ” ಆಗುತ್ತೆ. ಪರದೇಶದ ಊರು, ಅಂಗಡಿ, ಆಫೀಸುಗಳ ಹೆಸರು ಹೆಚ್ಚು ಬಳಸುವವರು ಯಾರು? ನಾವೇ. ಬೇರೆಯವರ ನಿಯಮವನ್ನು ಹಾಗೇ ನಕಲು ಮಾಡಿದರೆ ಶುದ್ಧವಾಗಿ ಬರೆದವನೇ ಕಳ್ಳನಾಗಬಹುದು.

“ಇಷ್ಟೆಲ್ಲಾ ಯಾಕೆ, ಎಲ್ಲರೂ ಜಿಮೇಲ್ ಬಳಸಿದರಾಯಿತು” ಅನ್ನುವವರಿಗೆ ಒಂದು ಮಾತು. 2002ರಲ್ಲಿ ಪಾಲ್ ಗ್ರಹಾಂ “ಎ ಪ್ಲ್ಯಾನ್ ಫಾರ್ ಸ್ಪ್ಯಾಮ್” ಬರೆದಾಗ ಅವರ ವಾದದ ಜೀವಾಳ ಇದಾಗಿತ್ತು: ಫಿಲ್ಟರ್ ಪ್ರತಿಯೊಬ್ಬರ ಸ್ವಂತ ಪತ್ರಗಳಿಂದ ಕಲಿಯಬೇಕು. ನನಗೆ ಯಾವುದು ಕಸ, ಯಾವುದು ಕಾಗದ ಅನ್ನೋದು ನನ್ನ ಪೆಟ್ಟಿಗೆಗೇ ಗೊತ್ತಾಗುವುದು. ಸ್ಪ್ಯಾಮ್‌ಅಸಾಸಿನ್‌ನ ಬೇಯ್ಸ್ ಕಲಿಕೆ ಕೆಲಸ ಶುರುಮಾಡಲು ಕೇಳೋದು 200 ಒಳ್ಳೆಯ ಪತ್ರ, 200 ಸ್ಪ್ಯಾಮ್. ಅಷ್ಟೇ. ಆದರೆ ಆ ಒಳ್ಳೆಯ ಪತ್ರಗಳೆಲ್ಲ ಇನ್‌ವಾಯ್ಸ್, ಮೀಟಿಂಗ್, ಟೆಂಡರ್ ಆಗಿದ್ದರೆ ಅದು ಕನ್ನಡ ಕಲಿಯುವುದು ಯಾರಿಂದ? ನಿಮ್ಮ ಸಂಘದ ಯುಗಾದಿ ಕರೆಯೋಲೆ, ರಾಜ್ಯೋತ್ಸವದ ಲೆಕ್ಕಪತ್ರ, ರಕ್ತ ಬೇಕು ಅನ್ನುವ ತುರ್ತು ಮನವಿ ಕೂಡ ಅದರಲ್ಲಿರಲಿ. ಬರೆದವರ ಒಪ್ಪಿಗೆ ಕೇಳಿಯೇ ಕೊಡಿ, ಯಾಕಂದರೆ ಅದು ಅವರ ಕಾಗದ.

ಮತ್ತೆ, ಸದ್ದಿಲ್ಲದೆ ಅಳಿಸುವ ಸ್ಕ್ರಿಪ್ಟ್ ಮಾತ್ರ ಎಂದೂ ಬರೆಯಬೇಡಿ. ತಡೆದ ಮೇಲ್‌ಗಳ ಪಟ್ಟಿ ದಿನಕ್ಕೊಮ್ಮೆ ಅದರ ಯಜಮಾನನಿಗೆ ಹೋಗಲಿ. ಕನ್ನಡ ಸಬ್ಜೆಕ್ಟ್ ಸಾಗಣೆಯಲ್ಲಿ ಬೇಸ್64 ರೂಪ ತಾಳುತ್ತೆ, ಲಾಗ್‌ನಲ್ಲಿ ನೋಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ನಾನು ಪ್ರತಿ ಭಾನುವಾರ ಬೆಳಿಗ್ಗೆ, ವಾರದ ರಜೆ ಮುಗಿಸಿ ಬಂದು, ಆ ರಾಶಿ ನೋಡಿ ಕಸವೆಂದೇ ಮುಂದೆ ಹೋಗುತ್ತಿದ್ದೆ. ಪಾಲುಪಟ್ಟಿಯ ಮೇಲ್ ಅದರಲ್ಲೇ ಇತ್ತು. ಅದನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ತೋರಿಸಲು ಎರಡು ಸಾಲು ಸಾಕಿತ್ತು.

ಆ ಹನ್ನೆರಡು ಸಾಲನ್ನು ನಾನು ಅವತ್ತೇ ಅಳಿಸಿದೆ. ಲಿಪಿಯ ಬದಲು ಕಳಿಸಿದವನ ನಡತೆ ನೋಡುವ ನಿಯಮ ಹಾಕಿದೆ: ಹೇಳಿಕೊಂಡ ಡೊಮೈನ್‌ನಿಂದಲೇ ಬಂತೇ, ಸಹಿ ಹೊಂದುತ್ತದೆಯೇ, ಲಿಂಕ್ ತೋರಿಸುವುದೊಂದು ಹೋಗುವುದೊಂದು ಕಡೆಯೇ? ಕೆಲಸ ಒಂದು ವಾರ ಹಿಡಿಯಿತು. ಅಣ್ಣತಮ್ಮಂದಿರು ಮತ್ತೆ ಮಾತಾಡಲು ಅದಕ್ಕಿಂತ ಹೆಚ್ಚು ಹಿಡಿಯಿತು.

ಈ ಶುಕ್ರವಾರ ನಿಮ್ಮ ಸ್ಪ್ಯಾಮ್ ಡಬ್ಬಿ ತೆರೆದು ನೋಡಿ. ಅದರಲ್ಲಿ ಕನ್ನಡದ ಒಂದು ಒಳ್ಳೆಯ ಪತ್ರ ಸಿಕ್ಕಿದರೆ “ಇದು ಸ್ಪ್ಯಾಮ್ ಅಲ್ಲ” ಅಂತ ಒತ್ತಿ. ಆಮೇಲೆ ನಿಮ್ಮ ಆಫೀಸಿನ ಸರ್ವರ್ ನೋಡಿಕೊಳ್ಳುವವರ ಹತ್ತಿರ ಹೋಗಿ, ಅದು ಅಲ್ಲಿಗೆ ಹೇಗೆ ಬಂತು ಅಂತ ಕೇಳಿ. ಅವರೂ ಕನ್ನಡದವರೇ ಇರಬಹುದು.