ಈರುಳ್ಳಿ ಗರಿಯ ಮೇಲೆ ನೀರೇಕೆ ನಿಲ್ಲದು?

ಮಕ್ಕಳೇ, ಕೆಸುವಿನ ಎಲೆಯ ಮೇಲೆ ನೀರು ಹಾಕಿ ಆಡಿದ್ದೀರಾ? ತರೀಕೆರೆ ಕಡೆಯ ಅಡಿಕೆ ತೋಟಗಳಲ್ಲಿ, ಕಾಲುವೆಯ ಬದಿಯಲ್ಲಿ ಕೆಸು ಸಿಗುತ್ತದೆ. ಬಿದ್ದ ಹನಿ ಗೋಲಿಯಂತೆ ಉರುಳಿಹೋಗುತ್ತದೆ, ಎಲೆ ಒದ್ದೆಯಾಗುವುದೇ ಇಲ್ಲ. ತಾವರೆ ಎಲೆಯದೂ ಇದೇ ಆಟ. ಸಂಸಾರದಲ್ಲಿದ್ದೂ ಅಂಟಿಕೊಳ್ಳದವರನ್ನು ನಮ್ಮ ಹಿರಿಯರು ತಾವರೆ ಎಲೆಯ ಮೇಲಿನ ನೀರಿಗೆ ಹೋಲಿಸುತ್ತಿದ್ದುದು ಇದಕ್ಕೇ.

ಇದರ ಗುಟ್ಟು ಏನು? ನೋಡಲು ನುಣುಪಾಗಿರುವ ತಾವರೆ ಎಲೆ ನಿಜಕ್ಕೂ ಒರಟು. ಅದರ ತುಂಬ ಕಣ್ಣಿಗೆ ಕಾಣದ ಉಬ್ಬುಗಳಿವೆ. ಒಂದೊಂದು ಉಬ್ಬು ಸುಮಾರು ಮಿಲಿಮೀಟರಿನ ನೂರರಲ್ಲೊಂದು ಭಾಗ. ಉಬ್ಬುಗಳ ಮೇಲೆ ಇನ್ನೂ ಸಣ್ಣ ಮೇಣದ ಕಡ್ಡಿಗಳು. ಇವನ್ನು ಅಳೆಯುವುದು ನ್ಯಾನೋಮೀಟರಿನಲ್ಲಿ. ಒಂದು ಮಿಲಿಮೀಟರಿಗೆ 10 ಲಕ್ಷ ನ್ಯಾನೋಮೀಟರ್. ಕಡ್ಡಿಯ ದಪ್ಪ ಸುಮಾರು 100. ಬ್ಯಾಂಕಿನವನ ಲೆಕ್ಕದಲ್ಲಿ ಹೇಳುವುದಾದರೆ, 10 ಲಕ್ಷ ರೂಪಾಯಿಯಲ್ಲಿ ಒಂದೇ ಒಂದು ನೂರರ ನೋಟು!

ಮೇಣಕ್ಕೂ ನೀರಿಗೂ ಮೊದಲೇ ಆಗಿಬರದು. ಅದರ ಮೇಲೆ ಹನಿ ಕೂರುವುದು ಕಡ್ಡಿಗಳ ತುದಿಯಲ್ಲಷ್ಟೇ, ಸಂದಿಯಲ್ಲೆಲ್ಲ ಗಾಳಿ. ಹಿಡಿತ ಸಿಗದ ಹನಿ ಗುಂಡಗಾಗಿ ಉರುಳುತ್ತದೆ, ಹೋಗುವಾಗ ಧೂಳನ್ನೂ ಹೊತ್ತೊಯ್ಯುತ್ತದೆ. ಜರ್ಮನಿಯ ಸಸ್ಯವಿಜ್ಞಾನಿಗಳಾದ ಬಾರ್ಥ್‌ಲಾಟ್ ಮತ್ತು ನೈನ್‌ಹೂಯಿಸ್ 1997ರಲ್ಲಿ ಇದನ್ನು ವಿವರಿಸಿದರು.

ಈಗ ಅಜ್ಜಂಪುರದ ಈರುಳ್ಳಿ ಹೊಲಕ್ಕೆ ಬನ್ನಿ. ಈರುಳ್ಳಿ ಗರಿಗೂ ಮೇಣದ ಹೊದಿಕೆ ಇದೆ. ಮಳೆನೀರು ಗರಿಯ ಮೇಲೆ ಹೆಚ್ಚು ಹೊತ್ತು ನಿಂತರೆ ಬೂಷ್ಟು ಮೊಳೆತು ರೋಗ ಹತ್ತುತ್ತದೆ. ನೀರು ಜಾರಿದಷ್ಟೂ ಗಿಡಕ್ಕೆ ಒಳ್ಳೆಯದು. ಆದರೆ ರೋಗ ಬಂದ ಮೇಲೆ ಅದೇ ಗುಣ ರೈತನಿಗೆ ತೊಡಕು. ಅವನು ಸಿಂಪಡಿಸಿದ ಔಷಧಿಯೂ ನೀರಿನಂತೆ ಉರುಳಿ ಮಣ್ಣಿಗೆ ಬೀಳುತ್ತದೆ. ಗಿಡಕ್ಕೆ ಔಷಧಿ ತಾಗಲಿಲ್ಲ, ದುಡ್ಡೂ ಹೋಯಿತು, ಮಣ್ಣೂ ಕೆಟ್ಟಿತು.

ಇದಕ್ಕೇ ರೈತರು ಔಷಧಿಗೆ ಅಂಟು ದ್ರಾವಣ ಬೆರೆಸುತ್ತಾರೆ. ಅದು ಮಾಡುವುದು ಎರಡು ಕೆಲಸ. ಹನಿಯ ಬಿಗಿತ ಸಡಿಲಿಸಿ ಗರಿಯ ಮೇಲೆ ಹರಡಿಸುತ್ತದೆ. ಹರಡಿದ್ದು ಅಲ್ಲೇ ಹಿಡಿದುಕೊಳ್ಳುವಂತೆಯೂ ಮಾಡುತ್ತದೆ. ಡಬ್ಬಿಯ ಮೇಲೆ ಬರೆದ ಅಳತೆಯಷ್ಟೇ ಹಾಕಬೇಕು. ಹೆಚ್ಚಾದರೆ ಔಷಧಿ ತೆಳ್ಳಗಾಗಿ ಹರಿದೇ ಹೋದೀತು, ಗರಿಯೂ ಸುಟ್ಟೀತು.

ಈ ಭಾನುವಾರ ಅಜ್ಜ-ಅಜ್ಜಿಯ ಜೊತೆ ಕೂತು ಒಂದು ಪರೀಕ್ಷೆ ಮಾಡಿ. ಔಷಧಿ ಹೊಡೆಯದ ಎಳೆಯ ಈರುಳ್ಳಿ ಗರಿ ಎರಡು ತನ್ನಿ. ಒಂದನ್ನು ಬೆರಳಿನಿಂದ ಚೆನ್ನಾಗಿ ಉಜ್ಜಿ, ಇನ್ನೊಂದನ್ನು ಮುಟ್ಟದೆ ಬಿಡಿ. ಎರಡರ ಮೇಲೂ ಒಂದೊಂದು ಹನಿ ನೀರು ಬಿಡಿ. ಉಜ್ಜಿದ ಕಡೆ ಮೇಣ ಹೋಗಿ ನೀರು ಅಂಟುತ್ತದೆ. ಮುಟ್ಟದ ಗರಿಯ ಮೇಲೆ ಬರೀ ನೀರು, ಆಮೇಲೆ ಸೋಪು ಕದಡಿದ ನೀರು ಬಿಟ್ಟು ಹೋಲಿಸಿ. ಕೆಸುವಿನ ಎಲೆಯಲ್ಲೂ ಮಾಡಬಹುದು. ಆದರೆ ಅದರ ರಸ ತಾಗಿದರೆ ತುರಿಕೆ, ಕೀಳುವ ಕೆಲಸ ದೊಡ್ಡವರಿಗೇ ಇರಲಿ.