ನೌಕರರೆಂದು ಒಪ್ಪದವರು ಆ್ಯಪ್ ಹೊತ್ತು ಬಂದಿದ್ದಾರೆ

ಹೊಸ ಆ್ಯಪ್ ಬಂದಾಗ ನೌಕರರಲ್ಲಿ ಉತ್ಸಾಹ ತುಂಬಬೇಕಂತೆ. ಬೆಂಗಳೂರಿನ ಕಂಪನಿಗಳು ಇದಕ್ಕೆ ಚಹಾ-ಬಿಸ್ಕೀಟು ಕೊಟ್ಟು ಸಭೆ ಮಾಡುತ್ತವೆ. ಅದೇ ಉತ್ಸಾಹ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಅಂಗನವಾಡಿ ಮುಟ್ಟುವ ಹೊತ್ತಿಗೆ ವಾಟ್ಸಾಪ್ ಗುಂಪಿನ ಗದರಿಕೆಯಾಗಿರುತ್ತದೆ: ‘ಸಂಜಿಯೊಳಗ ನೂರಕ್ಕ ನೂರು ಆಗಬೇಕು, ಇಲ್ಲಾಂದ್ರ ನೋಟೀಸು.’

ಗೆಳೆಯರೇ, ಈ ಆ್ಯಪಿನ ಹೆಸರು ಪೋಷಣ್ ಟ್ರ್ಯಾಕರ್. ಕೇಂದ್ರ ಸರಕಾರ 2021ರ ಮಾರ್ಚಿನಲ್ಲಿ ತಂದದ್ದು. ಕೂಸಿನ ತೂಕ, ಎತ್ತರ, ಹಾಜರಿ, ಬಸುರಿ-ಬಾಣಂತಿಯರ ಲೆಕ್ಕ, ಎಲ್ಲವನ್ನೂ ಅಕ್ಕೋರು ಅದರೊಳಗೆ ಸುರಿಯಬೇಕು. ಸುರಿಯಲಿ. ಆದರೆ ನಾನು ಕೇಳುವ ಮೊದಲ ಪ್ರಶ್ನೆ ಇಷ್ಟೇ. ಆ್ಯಪ್ ಬಳಸು ಎಂದು ಅಪ್ಪಣೆ ಮಾಡುವ ನೀನು ಅವಳನ್ನು ನೌಕರಳೆಂದು ಎಂದಾದರೂ ಒಪ್ಪಿದ್ದೀಯಾ?

ಒಪ್ಪಿಲ್ಲ. ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಐವತ್ತು ವರ್ಷ ದಾಟಿದರೂ ಆಕೆ ಕಾಗದದ ಮೇಲೆ ಸ್ವಯಂಸೇವಕಿ, ಆಕೆಗೆ ಕೊಡುವುದು ಸಂಬಳವಲ್ಲ, ಗೌರವಧನ. ಎಂಥಾ ಸುಳ್ಳು ಶಬ್ದ ನೋಡಿರಿ! ಅದರಲ್ಲಿ ಗೌರವವೂ ಇಲ್ಲ, ಧನವೂ ಇಲ್ಲ. ಈಕೆ ಸರಕಾರಿ ಹುದ್ದೆಯವಳಲ್ಲ ಎಂದು 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನಿಂದ ಹೇಳಿಸಿಕೊಂಡು ಬಂದದ್ದು ಬೇರೆ ಯಾರೂ ಅಲ್ಲ, ಅಮೀರ್‌ಬಿ ಪ್ರಕರಣದಲ್ಲಿ ಮೇಲ್ಮನವಿ ಹೂಡಿದ ನಮ್ಮ ಕರ್ನಾಟಕ ಸರಕಾರವೇ. ಈಕೆಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ಅದೇ ಕೋರ್ಟು 2022ರ ಏಪ್ರಿಲಿನಲ್ಲಿ ಹೇಳಿತು. ಹೇಳಿದ್ದನ್ನು ಜಾರಿ ಮಾಡಿಸಲಿಕ್ಕೆ 2023ರ ಜನವರಿ ಚಳಿಯಲ್ಲಿ ಹೆಣ್ಣುಮಕ್ಕಳು ಫ್ರೀಡಂ ಪಾರ್ಕಿನಲ್ಲಿ ಹಗಲು-ರಾತ್ರಿ ಕೂಡಬೇಕಾಯಿತು. ಸರಕಾರ ಬಾಯಿ ಬಿಡದ ಆ ‘ನೌಕರರು’ ಎಂಬ ಶಬ್ದವನ್ನು ಅವರು ತಮ್ಮ ಸಂಘದ ಹೆಸರಿನಲ್ಲೇ ಬರೆದುಕೊಂಡಿದ್ದಾರೆ.

ಇನ್ನು ಪ್ರೋತ್ಸಾಹದ ಮಾತು. 2018ರಲ್ಲಿ ಕೇಂದ್ರ ಕಾರ್ಯಕರ್ತೆಯ ಗೌರವಧನವನ್ನು 3000ದಿಂದ 4500 ರೂಪಾಯಿಗೆ ಏರಿಸಿತು. ಮೇಲೆ ಮೊಬೈಲಿನಲ್ಲಿ ಲೆಕ್ಕ ಇಟ್ಟರೆ ಕಾರ್ಯಕರ್ತೆಗೆ ತಿಂಗಳಿಗೆ 500, ಕೆಲಸ ನೋಡಿ ಸಹಾಯಕಿಗೆ 250. ಕೂಸನ್ನು ಎತ್ತಿಕೊಂಡದ್ದಕ್ಕೆ, ಮೂಗು ಒರೆಸಿದ್ದಕ್ಕೆ, ಅನ್ನ ಬೇಯಿಸಿ ಉಣಿಸಿದ್ದಕ್ಕೆ ಕೂಲಿ ಏರಿಸಿ ಅಂದರೆ ಬೊಕ್ಕಸ ಖಾಲಿ. ಬೆರಳಿನಿಂದ ಗಾಜು ಒತ್ತಿದ್ದಕ್ಕೆ ಬಹುಮಾನ! ಆಶಾ ಕಾರ್ಯಕರ್ತೆಯರದೂ ಇದೇ ಕತೆ. ಮಾಡಿದ ಕೆಲಸ ಪೋರ್ಟಲಿನಲ್ಲಿ ಕಾಣಲಿಲ್ಲ ಅಂದರೆ ದುಡ್ಡಿಲ್ಲ. 2025ರ ಜನವರಿಯಲ್ಲಿ ಅವರು ಬೆಂಗಳೂರಿಗೆ ನಡೆದಾಗ ಪೋರ್ಟಲಿನ ಆ ಕೊಂಡಿ ಕಳಚಿರಿ ಎಂಬುದೂ ಅವರ ಬೇಡಿಕೆಯಾಗಿತ್ತು.

2025ರ ಜುಲೈ 1ರಿಂದ ಇನ್ನೊಂದು ಕಟ್ಟಳೆ ಬಂತು: ಮುಖ ತೋರಿಸಿದರೇನೇ ಮನೆಗೆ ಒಯ್ಯುವ ಆಹಾರ. ಫೋನು ಮುಖ ಗುರುತಿಸಬೇಕು. ಅದಕ್ಕೂ ಮೊದಲು ಆಧಾರಿಗೆ ಜೋಡಿಸಿದ ನಂಬರಿಗೆ ಓಟಿಪಿ ಬರಬೇಕು. ಓಟಿಪಿ ಬರುವುದೆಲ್ಲಿ? ಬಾಣಂತಿ ಬೀಳಗಿ ತಾಲೂಕಿನ ಪುನರ್ವಸತಿ ಕೇಂದ್ರದ ಓಣಿಯಲ್ಲಿ ಕೂಸು ಕಟ್ಟಿಕೊಂಡು ನಿಂತಿರುತ್ತಾಳೆ. ಮನೆಗಿರುವ ಒಂದೇ ಫೋನು ಮಂಗಳೂರಲ್ಲೋ ಗೋವಾದಲ್ಲೋ ಸಿಮೆಂಟು ಹೊರುವ ಗಂಡನ ಅಂಗಿ ಕಿಸೆಯಲ್ಲಿರುತ್ತದೆ. ಆಲಮಟ್ಟಿ ಹಿನ್ನೀರಿಗೆ ನೆಲ ಕೊಟ್ಟ ಊರುಗಳು ಇವು. ಮುಳುಗಿದ ಮನೆಗೆ ದಾಖಲೆ ತೋರಿಸಿ ತೋರಿಸಿ ಸೋತವರು ಈಗ ಕೂಸಿನ ಪಾಕೀಟಿಗೆ ಮುಖ ತೋರಿಸಬೇಕು.

ನಮ್ಮ ಜನದ ಮುಖ ಕಂಡರೆ ಅಪಶಕುನ ಎಂದು ಊರು ತಲೆತಲಾಂತರ ಮೋರೆ ತಿರುಗಿಸಿತು. ಈಗ ಸರಕಾರ ಮುಖ ತೋರಿಸು ಅನ್ನುತ್ತದೆ, ತೋರಿಸಿದರೆ ಯಂತ್ರ ಗುರುತು ಸಿಗಲಿಲ್ಲ ಅನ್ನುತ್ತದೆ! ದಲಿತ ಸಹಾಯಕಿ ಒಲೆ ಹಚ್ಚಿದಳೆಂದು ಮಕ್ಕಳನ್ನು ಕಳಿಸದ ಮನೆಗಳುಂಟಲ್ಲ, ಅವರ ಮುಖ ಹಿಡಿಯುವ ಕಾಲಂ ಮಾತ್ರ ಆ ಆ್ಯಪಿನಲ್ಲಿ ಇಲ್ಲ.

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲು. ಹಂಗಾಗಿ ಓಣಿಯ ಅಕ್ಕೋರ ಫೋನು ನನ್ನ ಕೈಗೆ ಬರುತ್ತದೆ. ‘ತಮ್ಮಾ, ಮುಂಜಾನಿಂದ ಬರೇ ತಿರಗಾಕ ಹತ್ತೈತಿ, ಏನಾಗೈತಿ ನೋಡೊ’ ಅಂತಾರೆ. ನೋಡುತ್ತೇನೆ. ನಾ ಓದಿದ ಬಿ.ಎ. ಸರ್ವರ್ ಎಬ್ಬಿಸುವುದಿಲ್ಲ. ಹೆಂಗಸರಿಗೆ ತಂತ್ರಜ್ಞಾನದ ಭಯ ಎಂದು ಸಾಹೇಬರು ಷರಾ ಬರೆಯುತ್ತಾರೆ. ಅಪ್ಪಟ ಸುಳ್ಳು. ಮಗಳ ಸ್ಕಾಲರ್‌ಶಿಪ್ಪು, ಸಂಘದ ಕಂತು, ಕರೆಂಟು ಬಿಲ್ಲು ಎಲ್ಲ ಅದೇ ಫೋನಿನಲ್ಲಿ ಕಟ್ಟುವವರು ಇವರು. ಇವರಿಗಿರುವುದು ನೋಟೀಸಿನ ಭಯ.

ಹಂಗಂತ ಫೋನು ಒಡೆದು ಹಾಕಿರಿ ಎಂದು ನಾನು ಹೇಳುತ್ತಿಲ್ಲ. ನಾಗಮೋಹನ ದಾಸ್ ಆಯೋಗ 2025ರ ಮೇ ತಿಂಗಳಲ್ಲಿ ಪರಿಶಿಷ್ಟ ಜಾತಿಗಳ ಸಮೀಕ್ಷೆ ಮಾಡಿದ್ದು ಮೊಬೈಲಿನಲ್ಲೇ. ಆ ಲೆಕ್ಕ ನಮಗೆ ಬೇಕಾಗಿತ್ತು, ಜಾತಿಯ ಹೆಸರು ಬರೆಸಿರಿ ಎಂದು ನಾವೇ ಕೇರಿ ಕೇರಿ ಅಲೆದೆವು. ಎಣಿಸಿಕೊಳ್ಳಲಿಕ್ಕೆ ನಾವು ಹೆದರುವವರಲ್ಲ. ಎಣಿಸುವ ಕೈಗೆ ಕೂಲಿ ಎಷ್ಟು ಎಂಬುದು ಜಗಳ.

ಮಾಸ್ತರರೇ, ಈ ಪತ್ರಿಕೆ ಓದುವ ನಿಮಗೂ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಜಾತಿ ಸಮೀಕ್ಷೆಗೆಂದು ಆ್ಯಪ್ ಹಿಡಿದು ಮನೆ ಮನೆ ತಿರುಗಿದವರು ನೀವು. ಸರ್ವರ್ ಬಿದ್ದಾಗ, ಓಟಿಪಿ ಬಾರದಾಗ ಕಟ್ಟೆ ಮೇಲೆ ಕೂತು ಶಾಪ ಹಾಕಿದವರೂ ನೀವೇ. ಕಡೆಗೆ ಅಕ್ಟೋಬರ್ 18ರತನಕ ಶಾಲೆಯ ರಜೆಯನ್ನೇ ಬೆಳೆಸಬೇಕಾಯಿತು. ಆದರೂ ತಿಂಗಳ ಕೊನೆಗೆ ನಿಮಗೆ ಸಂಬಳ ಇತ್ತು. ಪಕ್ಕದ ಕೋಣೆಯ ಅಕ್ಕೋರಿಗೆ ಅದು ವರ್ಷ ಪೂರ್ತಿಯ ಗೋಳು, ಸಂಬಳ ಅನ್ನುವ ಶಬ್ದವೂ ಇಲ್ಲದೆ. ನಿಮ್ಮ ಸಭೆಗಳಲ್ಲಿ ಇವರ ಹೆಸರು ಯಾಕೆ ಬರುವುದಿಲ್ಲ?

ಗಡಿಯಾಚೆ ಮಹಾರಾಷ್ಟ್ರದಲ್ಲಿ 2021ರ ಆಗಸ್ಟಿನಲ್ಲಿ ಸಾವಿರಾರು ಕಾರ್ಯಕರ್ತೆಯರು ಸರಕಾರ ಕೊಟ್ಟ ಫೋನನ್ನು ಸರಕಾರಕ್ಕೇ ಮರಳಿಸಿ ಬಂದರು. ಫೋನಿಗೆ ಜಾಗ ಸಾಲದು, ಆ್ಯಪಿನ ಇಂಗ್ಲಿಷು ನಮಗೆ ಬೇಡ ಅಂದರು. ಅದು ಅವರ ದಾರಿ. ನಮ್ಮ ನಾಲ್ಕು ತಾಲೂಕಿನಲ್ಲಿ ಈಗ ಕೇಳಬೇಕಾದದ್ದು: ನೌಕರರೆಂದು ಒಪ್ಪಿರಿ, ಸಂಬಳ ಕೊಡಿರಿ, ಸರಿಯಾದ ಫೋನು ಕೊಡಿರಿ, ಮುಖ ಹೊಂದದಿದ್ದರೂ ಕೂಸಿನ ಆಹಾರ ನಿಲ್ಲಿಸಬೇಡಿರಿ. ಸರ್ವರ್ ಬಿದ್ದ ದಿನ ರಜಿಸ್ಟರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಪಾಕೀಟು ಕೊಟ್ಟ ಅಕ್ಕನಿಗೆ ನೋಟೀಸು ಬಂದರೆ ಅದಕ್ಕೆ ಉತ್ತರ ಬರೆಯಲು ಡಿಗ್ರಿ ಓದಿದ ನಾವಿದ್ದೇವೆ. ತಾಲೂಕಿಗೆ ನಾಲ್ಕು ಹುಡುಗ-ಹುಡುಗಿಯರು ಹೆಸರು ಕೊಡಿರಿ. ನೋಟೀಸಿನ ಪ್ರತಿ ಹಿಡಿದು ಸಿಡಿಪಿಓ ಆಫೀಸಿಗೆ ಅಕ್ಕೋರ ಸಂಗಾಟ ಹೋಗೋಣ.