ದಲ್ಲಾಳಿಕೆ ತಪ್ಪಲ್ಲ, ಮುಚ್ಚಿಟ್ಟ ದಲ್ಲಾಳಿಕೆ ತಪ್ಪು

ಮಲೆನಾಡಿನ ಊರುಗಳಲ್ಲಿ ಜಮೀನು ಮಾರಾಟಕ್ಕಿದೆ ಎಂಬ ಸುದ್ದಿ ಪಕ್ಕದ ಮನೆಗೆ ತಿಳಿಯುವ ಮೊದಲೇ ಬೆಂಗಳೂರನ್ನು ತಲುಪುವ ಕಾಲವಿದು. ಸುದ್ದಿ ಮುಟ್ಟಿಸುವವರು ಹೊರಗಿನಿಂದ ಬಂದವರೇನಲ್ಲ. ಜೀಪು ಓಡಿಸುವವರು, ಅಡಿಕೆ ಚೇಣಿ ಹಿಡಿಯುವವರು, ಸೊಸೈಟಿಯ ನಿರ್ದೇಶಕರು, ನಿವೃತ್ತ ಶಿಕ್ಷಕರು, ಕೆಲಸ ಸಿಗದೆ ಊರಿಗೆ ಮರಳಿದ ಪದವೀಧರರು, ಹೀಗೆ ಎಲ್ಲರೂ ಊರಿನವರೇ. ಸಾಲದ ಹೊರೆಗೋ ಮಗಳ ಮದುವೆಗೋ ಮಕ್ಕಳು ಊರು ಬಿಟ್ಟರೆಂಬ ಬೇಸರಕ್ಕೋ ತೋಟ ಮಾರಲು ಹೊರಟ ರೈತನು ಮೊದಲು ಕೇಳುವುದು ಇವರನ್ನೇ. ‘ನೀವೇ ನೋಡಿ ಒಂದು ಒಳ್ಳೆಯ ಗಿರಾಕಿ ತೋರಿಸಿ’ ಎಂದು ಹೇಳಿ ಆತ ನಿಶ್ಚಿಂತನಾಗುತ್ತಾನೆ. ಆ ನಿಶ್ಚಿಂತೆಯೇ ಇಂದು ಮಾರಾಟದ ಸರಕಾಗಿರುವುದು ಚಿಂತಿಸಬೇಕಾದ ಸಂಗತಿ.

ಜಮೀನು ತೋರಿಸಿ, ದಾಖಲೆ ಹುಡುಕಿ, ಗಡಿ ನಡೆದು, ಎರಡೂ ಕಡೆಯವರನ್ನು ಒಂದೆಡೆ ಕೂರಿಸಿ ವ್ಯವಹಾರ ಮುಗಿಸಿಕೊಡುವುದು ಶ್ರಮದ ಕೆಲಸ. ಅದಕ್ಕೆ ಪ್ರತಿಫಲ ಪಡೆಯುವುದರಲ್ಲಿ ಅನೀತಿಯಿಲ್ಲ. ಆದರೆ ಒಬ್ಬನ ಪರವಾಗಿ ಮಾತನಾಡುತ್ತ, ಆತನಿಗೆ ತಿಳಿಯದಂತೆ ಮತ್ತೊಬ್ಬನಿಂದ ಹಣ ಪಡೆದಾಗ ಅದು ಪ್ರತಿಫಲವಾಗಿ ಉಳಿಯುವುದಿಲ್ಲ. ಕೂಲಿಗೂ ಕೈಬಿಸಿಗೂ ಇರುವ ಅಂತರ ಮೊತ್ತದಲ್ಲಿಲ್ಲ. ಅದು ಬಹಿರಂಗವೇ, ಗುಪ್ತವೇ ಎಂಬುದರಲ್ಲಿದೆ.

ಗುಪ್ತ ಲೆಕ್ಕದ ಬಗೆ

ಈ ವ್ಯವಹಾರ ನಡೆಯುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ಅರಿಯಬಹುದು. ರೈತನೊಬ್ಬನಿಗೆ ಮೂರು ಎಕರೆ ಜಮೀನಿದೆ. ದಲ್ಲಾಳಿಯು ಎಕರೆಗೆ 12 ಲಕ್ಷ ರೂಪಾಯಿಗಿಂತ ಹೆಚ್ಚು ಹುಟ್ಟದೆಂದು ಆತನನ್ನು ಒಪ್ಪಿಸುತ್ತಾನೆ. ಕೊಳ್ಳುವವನಿಗೆ 18 ಲಕ್ಷಕ್ಕಿಂತ ಕಡಿಮೆಗೆ ಸಿಗದೆಂದು ಹೇಳುತ್ತಾನೆ. ಅಲ್ಪ ಮುಂಗಡ ಕೊಟ್ಟು ಕರಾರು ಪತ್ರವನ್ನು ತನ್ನ ಹೆಸರಿಗೋ ತನ್ನವರ ಹೆಸರಿಗೋ ಮಾಡಿಸಿಕೊಂಡು, ನೋಂದಣಿಯ ದಿನ ನಿಜವಾದ ಗಿರಾಕಿಯನ್ನು ಕರೆತರುತ್ತಾನೆ. ಕ್ರಯಪತ್ರದಲ್ಲಿ ಬರೆಯುವುದು ಸರ್ಕಾರದ ಮಾರ್ಗಸೂಚಿ ಬೆಲೆಯ ಆಸುಪಾಸಿನ ಮೊತ್ತವಾದ್ದರಿಂದ ನಿಜವಾದ ಬೆಲೆ ಯಾವ ಕಾಗದದಲ್ಲೂ ಕಾಣುವುದಿಲ್ಲ. ರೈತನ ಕೈಗೆ 36 ಲಕ್ಷ ಬರುತ್ತದೆ. ಕೊಂಡವನ ಕೈಯಿಂದ 54 ಲಕ್ಷ ಹೋಗುತ್ತದೆ. ಇಬ್ಬರಿಂದಲೂ ಶೇಕಡಾ 2ರಂತೆ ಬಹಿರಂಗವಾಗಿ ಪಡೆದ ದಲ್ಲಾಳಿಕೆ 1.80 ಲಕ್ಷ. ನಡುವೆ ಅಡಗಿ ಉಳಿದದ್ದು 18 ಲಕ್ಷ, ಅಂದರೆ ಅದರ ಹತ್ತು ಪಟ್ಟು. ಆ ಮೂರು ಎಕರೆಯನ್ನು ಮೂರು ತಲೆಮಾರು ಬೆವರು ಸುರಿಸಿ ಕಟ್ಟಿದವರು ಮಾರಾಟದ ಬಳಿಕವೂ ದಲ್ಲಾಳಿಗೆ ಕೃತಜ್ಞರಾಗಿಯೇ ಇರುತ್ತಾರೆ!

ಇದು ಕೇವಲ ಜಾಣತನವೆಂದು ವಾದಿಸುವವರಿದ್ದಾರೆ. 1872ರ ಭಾರತೀಯ ಕರಾರು ಕಾಯ್ದೆ ಹಾಗೆ ಭಾವಿಸುವುದಿಲ್ಲ. ಒಬ್ಬನ ಪ್ರತಿನಿಧಿಯಾಗಿ ಕೆಲಸ ಮಾಡಲು ಒಪ್ಪಿದವನು, ಆತನಿಗೆ ತಿಳಿಸದೆ ಅದೇ ವ್ಯವಹಾರದಲ್ಲಿ ಸ್ವಂತಕ್ಕಾಗಿ ವ್ಯಾಪಾರ ಮಾಡಿ ಪಡೆದ ಲಾಭವನ್ನು ಕೇಳಿ ಪಡೆಯುವ ಹಕ್ಕು ನೇಮಿಸಿದವನಿಗಿದೆ ಎಂದು ಅದರ 216ನೇ ಕಲಂ ಹೇಳುತ್ತದೆ. ನೂರೈವತ್ತು ವರ್ಷಗಳಿಂದ ಇರುವ ಈ ಮಾತು ಹಳ್ಳಿಯ ಜಗಲಿಗೆ ಇನ್ನೂ ತಲುಪಿಲ್ಲ. 2016ರ ರೇರಾ ಕಾಯ್ದೆಯು ನೋಂದಾಯಿತ ಯೋಜನೆಗಳ ನಿವೇಶನ, ಮನೆಗಳನ್ನು ಮಾರಿಸುವ ಏಜೆಂಟರಿಗೆ ನೋಂದಣಿಯನ್ನು ಕಡ್ಡಾಯ ಮಾಡಿತು. ಸುಳ್ಳು ಭರವಸೆ ನೀಡುವುದನ್ನು ನಿಷೇಧಿಸಿತು. ಆದರೆ ರೈತನಿಂದ ನೇರವಾಗಿ ಕೈಬದಲಾಗುವ ಕೃಷಿಭೂಮಿಯ ವ್ಯವಹಾರ ಅದರ ಹಿಡಿತದಲ್ಲಿಲ್ಲ. 500 ಚದರ ಮೀಟರಿಗಿಂತ ಹೆಚ್ಚಿಲ್ಲದ ಜಾಗದ ಯೋಜನೆಗಳಿಗೂ ವಿನಾಯಿತಿಯಿದೆ. ಹೀಗಾಗಿ ನಗರದ ಫ್ಲಾಟ್ ಕೊಳ್ಳುವವನಿಗೆ ಇರುವಷ್ಟು ರಕ್ಷಣೆಯೂ ತೋಟ ಮಾರುವ ರೈತನಿಗಿಲ್ಲ.

ಬೆಟ್ಟದಲ್ಲಿ ಮೌನಕ್ಕೆ ಬೆಲೆ ಹೆಚ್ಚು

ಬಯಲುಸೀಮೆಯ ಹೊಲದಲ್ಲಿ ಇಂಥ ವಂಚನೆಯ ನಷ್ಟ ಬಹುಮಟ್ಟಿಗೆ ಹಣದ ನಷ್ಟ. ಗುಡ್ಡಗಾಡಿನಲ್ಲಿ ಹಾಗಲ್ಲ. ವ್ಯವಹಾರ ಮುಗಿದರೆ ಮಾತ್ರ ದಲ್ಲಾಳಿಗೆ ಹಣ. ಮುರಿದರೆ ಏನೂ ಇಲ್ಲ. ಆದ್ದರಿಂದ ವ್ಯವಹಾರವನ್ನು ಮುರಿಯಬಲ್ಲ ಪ್ರತಿಯೊಂದು ಸತ್ಯವೂ ಅವನಿಗೆ ಶತ್ರುವಾಗುತ್ತದೆ. ಗುಪ್ತ ಕಮಿಷನ್ ಕೊಳ್ಳುವುದು ಊರಿನವನ ಮೌನವನ್ನು. ಜಮೀನಿನ ಬಗ್ಗೆ ಅತಿ ಹೆಚ್ಚು ತಿಳಿದಿರುವವನೂ ಊರಿನವನೇ ಎಂಬುದು ಇಲ್ಲಿನ ವಿಪರ್ಯಾಸ.

ಸೊಪ್ಪಿನ ಬೆಟ್ಟದ ವಿಷಯವನ್ನೇ ನೋಡಬಹುದು. ‘ಮೂರು ಎಕರೆ ತೋಟ, ಜೊತೆಗೆ ಹತ್ತು ಎಕರೆ ಬೆಟ್ಟ’ ಎಂದು ಗಿರಾಕಿಗೆ ತೋರಿಸುವುದು ರೂಢಿಯಾಗಿದೆ. ಸೊಪ್ಪಿನ ಬೆಟ್ಟ, ಕಾನೆ, ಬಾಣೆ, ಕುಮ್ಕಿಗಳನ್ನು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯು ಸವಲತ್ತುಗಳೆಂದು ಗುರುತಿಸಿದೆ. ಸೊಪ್ಪಿನ ಬೆಟ್ಟದಲ್ಲಿ ತೋಟಿಗನಿಗಿರುವುದು ಸೊಪ್ಪು, ದರಕು ತರುವ ಸವಲತ್ತು, ನೆಲದ ಒಡೆತನವಲ್ಲ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಅಡಿಕೆಯ ಬುಡಕ್ಕೆ, ಬೆಟ್ಟದಲ್ಲಿ ಇಂಗಿದ ಮಳೆ ತೋಟದ ಕಾಲುವೆಗೆ ಎಂಬ ಸರಪಳಿಯ ಮೇಲೆ ಈ ಕೃಷಿ ನಿಂತಿದೆ. ದಲ್ಲಾಳಿಗೆ ಇದು ತಿಳಿಯದ ವಿಷಯವೇನಲ್ಲ. ಹೇಳಿದರೆ ಬೆಲೆ ಇಳಿಯುತ್ತದೆಂದು ಹೇಳುವುದಿಲ್ಲ. ಕೊಂಡವನು ಅದನ್ನು ಸ್ವಂತ ಜಾಗವೆಂದು ನಂಬಿ ಜೆಸಿಬಿ ತರಿಸುತ್ತಾನೆ.

ಮುಂದಿನದು ಮಣ್ಣಿನ ಕಥೆ. ತರಗೆಲೆ ಹೊದ್ದ ಕಾಡಿನ ಮಣ್ಣು ಮಳೆಯ ಹೊಡೆತವನ್ನು ತಡೆದು ನೀರನ್ನು ಒಳಗೆಳೆದುಕೊಳ್ಳುತ್ತದೆ. ಇಳಿಜಾರಿನ ಬುಡವನ್ನು ಲಂಬವಾಗಿ ಕಡಿದು ರಸ್ತೆಯನ್ನೋ ಹೋಂಸ್ಟೇಯನ್ನೋ ಮಾಡಿದಾಗ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ಕಡಿದ ಸಡಿಲ ಮಣ್ಣು ಹಳ್ಳವನ್ನು ಮುಚ್ಚಿ ಕೆಳಗಿನ ಗದ್ದೆಗೆ ಇಳಿಯುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಅತಿವೃಷ್ಟಿಯ ಜೊತೆಗೆ ಇಳಿಜಾರುಗಳನ್ನು ಮನುಷ್ಯರು ಕಡಿದು ಬದಲಿಸಿದ್ದನ್ನೂ ಭೂವಿಜ್ಞಾನಿಗಳು ಕಾರಣವಾಗಿ ಗುರುತಿಸಿದ್ದರು. ಯಾವ ದರೆ ಹಿಂದೆ ಕುಸಿದಿತ್ತು, ಯಾವ ಅಬ್ಬಿ ನೀರನ್ನು ನಾಲ್ಕು ಮನೆಯವರು ಹಂಚಿಕೊಂಡಿದ್ದಾರೆ, ಸ್ಮಶಾನದ ದಾರಿ ಯಾವ ತೋಟದೊಳಗೆ ಹಾದುಹೋಗುತ್ತದೆ ಎಂಬುದು ಪಹಣಿಯಲ್ಲಿ ಇರುವುದಿಲ್ಲ. ಅದು ಇರುವುದು ಊರಿನವರ ನೆನಪಿನಲ್ಲಿ. ಆ ನೆನಪು ಮಾರಾಟವಾದರೆ ಅದರ ಬೆಲೆ ತೆರುವವರು ವ್ಯವಹಾರದಲ್ಲಿ ಪಾಲೇ ಇಲ್ಲದ ಕೆಳಗಿನ ಮನೆಯವರು.

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಲಾಯಿತು. ಕೃಷಿಯೇತರ ಆದಾಯ ವರ್ಷಕ್ಕೆ 25 ಲಕ್ಷ ರೂಪಾಯಿ ಮೀರಿದವರು ಕೃಷಿಭೂಮಿ ಕೊಳ್ಳಲು ಇದ್ದ ತಡೆ ಅಲ್ಲಿಗೆ ಮುಗಿಯಿತು. ಕೊಳ್ಳುವವರ ವಲಯ ಹಿಗ್ಗಿತು. ನೆಲವನ್ನೇ ಅರಿಯದೆ ಕೊಳ್ಳಬಲ್ಲವರು ಅರ್ಹರಾದರು. ಇಂಥವರಿಗೆ ಸತ್ಯ ಹೇಳುವ ಹೊಣೆ ಹಿಂದಿಗಿಂತ ಹೆಚ್ಚಾಗಿರುವಾಗಲೇ ಅದನ್ನು ಮುಚ್ಚಿಡುವ ಆಮಿಷವೂ ಹೆಚ್ಚಾಗಿದೆ.

ಎರಡು ಸಮರ್ಥನೆಗಳು

‘ಊರಿನಲ್ಲಿ ಉದ್ಯೋಗವಿಲ್ಲ, ಹುಡುಗರು ನಾಲ್ಕು ಕಾಸು ನೋಡಿದರೆ ತಪ್ಪೇನು?’ ಎಂಬುದು ಮೊದಲನೆಯದು. ತಪ್ಪಿಲ್ಲ. ಆದರೆ ಮುಕ್ತವಾಗಿ ಕೇಳಿದ ದುಡಿಮೆಯ ಹಣ ಮರುವರ್ಷವೂ ಕೆಲಸ ತರುತ್ತದೆ. ಗುಟ್ಟಿನ ಹಣ ಒಮ್ಮೆ ಬಯಲಾದರೆ ಆ ಮನೆತನದ ಮಾತಿಗೇ ಬೆಲೆ ಹೋಗುತ್ತದೆ. ‘ಮಾರಿದವನೂ ಸಂತುಷ್ಟ, ಕೊಂಡವನೂ ಸಂತುಷ್ಟ’ ಎಂಬುದು ಎರಡನೆಯ ಸಮರ್ಥನೆ. ತಿಳಿಯದ ಕಾರಣಕ್ಕೆ ಉಂಟಾದ ಸಂತೋಷವನ್ನು ಒಪ್ಪಿಗೆಯೆಂದು ಕರೆಯಲಾಗದು. ವಿಷಯವನ್ನು ಬಿಚ್ಚಿ ಹೇಳಿದ ಮೇಲೂ ಇಬ್ಬರೂ ಒಪ್ಪುವಂತಿದ್ದರೆ ಮೊದಲೇ ಹೇಳಲು ಹಿಂಜರಿಕೆ ಏಕೆ?

ಸರ್ಕಾರಿ ನೌಕರರ ವಿಷಯದಲ್ಲಿ ಈ ಚರ್ಚೆಗೇ ಅವಕಾಶವಿಲ್ಲ. ಪೋಡಿ, ಖಾತೆ, ಭೂಪರಿವರ್ತನೆಯ ಕಡತ ಸಾಗಿಸಲು ದಲ್ಲಾಳಿಯ ಮೂಲಕ ತಲುಪುವ ಪಾಲು ಕಮಿಷನ್ ಎಂಬ ಹೆಸರಿನ ಲಂಚ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯಂತೆ ಲಂಚ ಕೊಡುವವನೂ ಅಪರಾಧಿ. ಬಲವಂತಕ್ಕೆ ಸಿಲುಕಿ ಕೊಟ್ಟವನು ಏಳು ದಿನಗಳೊಳಗೆ ದೂರು ನೀಡಿದರೆ ಮಾತ್ರ ರಕ್ಷಣೆ. ದಲ್ಲಾಳಿಯ ಕೈಯಿಂದ ಕೊಡಿಸಿದೆನೆಂದರೆ ಹೊಣೆ ತಪ್ಪುವುದಿಲ್ಲ.

ಮಾಡಬಹುದಾದದ್ದು

ಹೊಸ ಕಾನೂನಿಗೆ ಕಾಯದೆ ಊರುಗಳೇ ಆರಂಭಿಸಬಹುದಾದ ಕೆಲವು ನಿಯಮಗಳಿವೆ. ದಲ್ಲಾಳಿಕೆ ಎಷ್ಟು, ಅದನ್ನು ಕೊಡುವವರು ಯಾರು ಎಂಬುದನ್ನು ಮುಂಗಡಕ್ಕೆ ಮೊದಲೇ ಒಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಮಾಡಬೇಕು. ಎರಡೂ ಕಡೆಯಿಂದ ಪಡೆಯುವುದಾದರೆ ಎರಡೂ ಕಡೆಗೆ ತಿಳಿದಿರಬೇಕು. ಮಾರುವವನೂ ಕೊಳ್ಳುವವನೂ ದಲ್ಲಾಳಿಯಿಲ್ಲದೆ ಒಮ್ಮೆಯಾದರೂ ಮುಖಾಮುಖಿಯಾಗಿ ಬೆಲೆ ಮಾತನಾಡಬೇಕು. ಕೊಳ್ಳುವವನ ಹೆಸರು ಖಾಲಿ ಬಿಟ್ಟ ಕರಾರಿಗೆ ಯಾವ ರೈತನೂ ಸಹಿ ಹಾಕಬಾರದು. ದಾಖಲೆ ಪರಿಶೀಲಿಸುವ ವಕೀಲರನ್ನು ದಲ್ಲಾಳಿಯು ಗೊತ್ತುಮಾಡಬಾರದು. ಬೆಟ್ಟದ ಸವಲತ್ತು, ನೀರಿನ ಹಂಚಿಕೆ, ದಾರಿ, ಕುಸಿದ ದರೆಗಳ ವಿವರವನ್ನು ಬರೆದು ಗಿರಾಕಿಗೆ ಕೊಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿಗೆ 1978ರ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಬೇಕೆಂಬುದನ್ನೂ ಅದರಲ್ಲಿ ತಿಳಿಸಬೇಕು. ಇಂಥ ಹಾಳೆಯ ಮಾದರಿಯೊಂದನ್ನು ಕಾಲೇಜು ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯರ ಜೊತೆ ಕುಳಿತು ಸಿದ್ಧಪಡಿಸಿ ಗ್ರಾಮಸಭೆಯ ಮುಂದಿಡಬಹುದು.

ಪರಿಚಿತರನ್ನು ಹಣದ ವಿಷಯ ಕೇಳುವುದು ಅಗೌರವವೆಂಬ ಸಂಕೋಚ ಮಲೆನಾಡಿನಲ್ಲಿದೆ. ಗುಪ್ತ ದಲ್ಲಾಳಿಕೆ ಬೆಳೆದಿರುವುದು ಈ ಸಂಕೋಚದ ನೆರಳಿನಲ್ಲಿಯೇ. ‘ಈ ವ್ಯವಹಾರದಲ್ಲಿ ನಿಮಗೆ ಯಾರಿಂದ ಎಷ್ಟು ಬರುತ್ತದೆ?’ ಎಂಬ ಪ್ರಶ್ನೆಯನ್ನು ರೈತನು ನೇರವಾಗಿ ಕೇಳುವಂತಾಗಬೇಕು. ಪ್ರಾಮಾಣಿಕ ದಲ್ಲಾಳಿಗೆ ಅದಕ್ಕೆ ಉತ್ತರಿಸುವುದು ಕಷ್ಟವಾಗದು. ಉತ್ತರಿಸಲು ತಡವರಿಸುವವನ ಕೈಗೆ ಪಹಣಿಯ ಪ್ರತಿಯನ್ನು ಕೊಡದಿರುವುದೇ ಲೇಸು.